ರೈಲಿಗೆ ಸಿಕ್ಕ ಮುತ್ತಜ್ಜನ ಜಾಡು ಹಿಡಿದು

1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ತರೀಕೆರೆ, ಆಗಿನ್ನೂ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿ, ಬಿದರೆ ದಾಟಿ ಬರುವ ಅರವತ್ತು ಕಿಲೋಮೀಟರ್ ಆಸುಪಾಸಿನ ಮೀಟರ್ ಗೇಜ್ ಹಳಿ ಅದು. ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಅಡಿಕೆ, ಅಕ್ಕಿ, ಮರಮುಟ್ಟು ವ್ಯಾಗನ್ ಏರಿದವು. ಅದೇ ಹಳಿಯ ಮೇಲೆ ಈ ಸೀಮೆ ಅದುವರೆಗೆ ಕಂಡಿರದ ಒಂದು ಬಗೆಯ ಸಾವೂ ಬಂತು. ಹುಲಿ ಹಿಡಿದು ಹೋದವರು, ಹೊಳೆಯಲ್ಲಿ ಮುಳುಗಿದವರು, ಮಲೆನಾಡಿನ ಜ್ವರದಲ್ಲಿ ತೀರಿಕೊಂಡವರು ಊರಿಗೆ ಹೊಸಬರಲ್ಲ. ರೈಲಿಗೆ ಸಿಕ್ಕವರ ಕಥೆ ಬೇರೆ. ಆ ಸಾವು ನಡೆಯುತ್ತಿದ್ದುದು ಊರಿನದೂ ಅಲ್ಲದ, ಕಾಡೂ ಅಲ್ಲದ, ಯಾರದೋ ಹೆಸರಿನ ಒಂದು ಪಟ್ಟಿ ಜಾಗದಲ್ಲಿ. ಹೆಣ ಎತ್ತಲೂ ಯಾರದೋ ಅಪ್ಪಣೆ ಬೇಕಿತ್ತು. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಅದು ಸ್ಟೇಷನ್ ಮಾಸ್ತರರಿಂದ ಪೊಲೀಸರಿಗೆ ಮುಟ್ಟಿರುತ್ತಿತ್ತು.

ಶಿವಮೊಗ್ಗದ ಬಳಿಯ ಸೋಗಾನೆ ಈ ಹಳಿಯ ಮೇಲಿನ ಊರಲ್ಲ. ಆದರೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಭದ್ರಾವತಿ ಇಟ್ಟುಕೊಂಡ ಯಾವ ಹಳ್ಳಿಯೂ ಆ ಹಳಿಯಿಂದ ದೂರವಿರಲಿಲ್ಲ. ಈಗ ಸೋಗಾನೆ ಎಂದರೆ ಎಲ್ಲರಿಗೂ ನೆನಪಾಗುವುದು ವಿಮಾನ ನಿಲ್ದಾಣ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ, 3.2 ಕಿಲೋಮೀಟರ್ ರನ್‌ವೇ ಇರುವ, ಕುವೆಂಪು ಹೆಸರಿನ ನಿಲ್ದಾಣ. ಹೀಗೆ ಒಂದು ಸೀಮೆಯಲ್ಲಿ ಭೂಮಿಗೆ ಬೆಲೆ ಬಂದಾಗ, ಖಾತೆ, ಪಾಲು, ಪರಿಹಾರ ಎಂದು ಜನ ಓಡಾಡುವಾಗ, ಮೊದಲು ಕೇಳುವ ಕಾಗದ ವಂಶವೃಕ್ಷ. ಅದನ್ನು ಬರೆಯಲು ಕೂತಾಗ ಯಾವುದೋ ಒಂದು ಕೊಂಬೆಯಲ್ಲಿ ಕೈ ನಿಲ್ಲುತ್ತದೆ. ಮುತ್ತಜ್ಜ ಯಾವಾಗ ತೀರಿಕೊಂಡರು? ರೈಲಿಗೆ ಸಿಕ್ಕಿ ಹೋದರಂತೆ, ಅಜ್ಜ ಆಗಿನ್ನೂ ತೊಟ್ಟಿಲಲ್ಲಿದ್ದರಂತೆ. ಅಷ್ಟೇ ಗೊತ್ತು.

ಅಷ್ಟರಿಂದ ಹೊರಟು ಒಬ್ಬ ಮನುಷ್ಯನ ಕೊನೆಯ ದಿನವನ್ನು ಹುಡುಕಲು ಸಾಧ್ಯವೇ? ಅನೇಕ ಬಾರಿ ಸಾಧ್ಯ. ಆದರೆ ಅದಕ್ಕೆ ರೈಲ್ವೆ ಸಾವು ಎಂಬುದು ಕಾಗದದ ಮೇಲೆ ಹೇಗೆ ಬಂತು, ಯಾರ ಸಾವನ್ನು ಯಾರು ಯಾಕೆ ಬರೆದಿಟ್ಟರು ಎನ್ನುವುದು ತಿಳಿದಿರಬೇಕು. ಮನೆಯವರಿಗೆ ಹೆಸರು ಗೊತ್ತು, ತಾರೀಖು ಗೊತ್ತಿಲ್ಲ. ರೈಲ್ವೆಯ ಲೆಕ್ಕಕ್ಕೆ ತಾರೀಖು ಗೊತ್ತು, ಹೆಸರು ಬೇಕಿಲ್ಲ. ಹುಡುಕಾಟವೆಂದರೆ ಈ ಎರಡನ್ನೂ ಒಂದೇ ಸಾಲಿಗೆ ತರುವ ಕೆಲಸ.

ತಾರೀಖು ಮನೆಯಲ್ಲೇ ಇರುತ್ತದೆ ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ತಿಥಿ ಮಾಡುವ ಮನೆಗಳಲ್ಲಿ ಮಾಸ, ಪಕ್ಷ, ತಿಥಿ ಮೂರೂ ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ಬಂದಿರುತ್ತವೆ. ಕಾರ್ತಿಕ ಬಹುಳ ಸಪ್ತಮಿ ಎಂದು ಅಜ್ಜಿಗೆ ಗೊತ್ತು, ವರ್ಷ ಮಾತ್ರ ಗೊತ್ತಿಲ್ಲ. ಅದೃಷ್ಟವಿದ್ದರೆ ಸಂವತ್ಸರದ ಹೆಸರೂ ಉಳಿದಿರುತ್ತದೆ. ಪ್ರಮಾಥಿ ಸಂವತ್ಸರ ಎಂದರೆ 1939ರ ಯುಗಾದಿಯಿಂದ 1940ರ ಯುಗಾದಿಯವರೆಗೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ, ನಿಜ. ಆದರೆ ಹಿಂದಿನ ಪ್ರಮಾಥಿ 1879ರಲ್ಲಿ. ಆಗ ಶಿವಮೊಗ್ಗಕ್ಕೆ ರೈಲೇ ಇರಲಿಲ್ಲ. ಮುಂದಿನದು 1999. ನಡುವೆ ಉಳಿಯುವುದು ಒಂದೇ ವರ್ಷ. ಆ ವರ್ಷದ ಪಂಚಾಂಗ, ಒಂಟಿಕೊಪ್ಪಲಿನದೋ ಮತ್ತೊಂದೋ, ಸಿಕ್ಕರೆ ಇಂಗ್ಲಿಷ್ ತಾರೀಖು ಕೈಗೆ ಬಂದ ಹಾಗೆ. ಆ ದಿನ ಸಂತೆಯಿತ್ತು, ಸಂತೆಗೆ ಹೋದವರು ಮರಳಲಿಲ್ಲ ಎಂಬ ಮಾತು ಮನೆಯಲ್ಲಿದ್ದರೆ ವಾರವೂ ತಾಳೆಯಾಗುತ್ತದೆ. ಅಧಿಕ ಮಾಸದಲ್ಲಿ ಹೋದವರ ತಿಥಿಯನ್ನು ಮುಂದಿನ ವರ್ಷಗಳಲ್ಲಿ ನಿಜ ಮಾಸದಲ್ಲೇ ಮಾಡುವುದರಿಂದ ಲೆಕ್ಕ ಒಂದು ತಿಂಗಳು ಅತ್ತಿತ್ತ ಆಗಬಹುದು. ಅದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಸುಳಿವು ಮಹಾಲಯ ಪಕ್ಷದಲ್ಲಿದೆ. ಸಾಮಾನ್ಯವಾಗಿ ಹಿರಿಯರಿಗೆ ಅವರು ತೀರಿಕೊಂಡ ತಿಥಿಯಂದೇ ಮಹಾಲಯ. ಆಯುಧದಿಂದಲೋ ಅಪಘಾತದಿಂದಲೋ ಸತ್ತವರಿಗೆ ಚತುರ್ದಶಿಯಂದು. ಪಂಚಾಂಗದಲ್ಲಿ ಅದಕ್ಕೆ ಘಾತ ಚತುರ್ದಶಿ ಎಂದೇ ಹೆಸರು. ವರ್ಷದ ಶ್ರಾದ್ಧ ಸಪ್ತಮಿಗೆ, ಮಹಾಲಯ ಮಾತ್ರ ಚತುರ್ದಶಿಗೆ ಎಂದು ಒಬ್ಬ ಹಿರಿಯರಿಗೆ ಪದ್ಧತಿ ಇದ್ದರೆ, ಆ ಸಾವು ಸಹಜವಾದದ್ದಲ್ಲ ಎಂದು ಪುರೋಹಿತರು ಬರೆಯದೆಯೇ ಬರೆದಿಟ್ಟಂತಾಯಿತು. ಬಾಯಿಮಾತು ಮಸುಕಾದರೂ ಆಚರಣೆ ಮಸುಕಾಗಿರುವುದಿಲ್ಲ. ತಿಥಿ ಇಟ್ಟುಕೊಳ್ಳದೆ ಹಿರಿಯರ ಹಬ್ಬದಲ್ಲಿ ಎಲ್ಲರಿಗೂ ಒಟ್ಟಿಗೆ ಎಡೆ ಇಡುವ ಮನೆಗಳೇ ಹೆಚ್ಚು. ಅಲ್ಲಿ ಬೇರೆ ಗುರುತು ಹಿಡಿಯಬೇಕು: ಯಾವ ಮಗು ಹುಟ್ಟಿದ ಮೇಲೆ, ಯಾವ ಬರಗಾಲದ ಮುಂಚೆ, ಯಾವ ಅಳಿಯನ ಮದುವೆಯ ಹಿಂದಿನ ಸುಗ್ಗಿಯಲ್ಲಿ.

ವರ್ಷ ಗೊತ್ತಾದ ಕೂಡಲೇ ಕೇಳಬೇಕಾದ ಪ್ರಶ್ನೆ, ಯಾವ ರೈಲು? ಭದ್ರಾವತಿಯ ಸುತ್ತ ಇದು ದೊಡ್ಡ ಪ್ರಶ್ನೆ. 1918ರಲ್ಲಿ ಬೆಂಕಿಪುರದಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಕಬ್ಬಿಣ ಹೊರಬಂತು. ಅದರ ಕುಲುಮೆ ಉರಿಯುತ್ತಿದ್ದುದು ಇದ್ದಿಲಿನಿಂದ. ಇದ್ದಿಲಿಗೆ ಬೇಕಾದ ಸೌದೆ ಸುತ್ತಲಿನ ಕಾಡಿನಿಂದ ಕಿರಿದಾದ ಹಳಿಯ ಟ್ರಾಮ್‌ನಲ್ಲಿ ಬರುತ್ತಿತ್ತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು ಅಲ್ಲಿಂದ ಟ್ರಾಮ್ ಹತ್ತುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇನ್ನೊಂದು ಪುಟ್ಟ ರೈಲು ಓಡುತ್ತಿತ್ತು. ಹಳ್ಳಿಯವರ ಬಾಯಲ್ಲಿ ಇವೆಲ್ಲವೂ ರೈಲೇ. ಮುತ್ತಜ್ಜ ದಿಮ್ಮಿ ತುಂಬಿದ ಟ್ರಾಮ್‌ನಿಂದ ಬಿದ್ದಿದ್ದರೆ ಮೈಸೂರಿನ ರೈಲ್ವೆ ಕಚೇರಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆ ಕಾಗದ ಕಾರ್ಖಾನೆಯದು.

ದೊಡ್ಡ ರೈಲೇ ಆಗಿದ್ದರೆ, ಆಗ ಅದು ಯಾರ ಕೈಯಲ್ಲಿತ್ತು ಎಂದು ನೋಡಬೇಕು. ಹಳಿ ಮೈಸೂರು ಸಂಸ್ಥಾನದ್ದು, ಓಡಿಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1919ರಿಂದ ಸಂಸ್ಥಾನ ತನ್ನ ಮಾರ್ಗಗಳನ್ನು ಹಂತಹಂತವಾಗಿ ತಾನೇ ವಹಿಸಿಕೊಂಡಿತು, 1938ರ ವೇಳೆಗೆ ಆ ಕೆಲಸ ಮುಗಿಯಿತು. 1950ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ಭಾರತ ಸರ್ಕಾರಕ್ಕೆ ಸೇರಿತು, 1951ರ ಏಪ್ರಿಲ್ 14ರಿಂದ ದಕ್ಷಿಣ ರೈಲ್ವೆಯಾಯಿತು. 2003ರಿಂದ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆ, ಅದರ ಮೈಸೂರು ವಿಭಾಗ. ಇದರ ಜೊತೆ ಸಂಸ್ಥಾನಗಳ ಒಳಗೆ ಹಾಯುವ ಕೆಲವು ರೈಲ್ವೆ ಭೂಮಿಯ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಹಾಗಾಗಿ ಬೇಲಿಯ ಈಚೆ ಸತ್ತವನ ಕಡತ ಮೈಸೂರಿನದು, ಆಚೆ ಸತ್ತವನದು ಬ್ರಿಟಿಷ್ ರೆಸಿಡೆಂಟರ ಕಚೇರಿಯದು ಎನ್ನುವ ಸ್ಥಿತಿಯೂ ಇತ್ತು.

ಇನ್ನು ರೈಲ್ವೆ ಸಾವನ್ನು ಬರೆದಿಡುವ ಕಾನೂನು. ರೈಲು ಹುಟ್ಟಿದ ನಾಡಿನಲ್ಲೇ ಅದೂ ಹುಟ್ಟಿತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಉದ್ಘಾಟನೆಯ ದಿನವೇ ಪಾರ್ಲಿಮೆಂಟ್ ಸದಸ್ಯ ವಿಲಿಯಂ ಹಸ್ಕಿಸನ್ ಎಂಜಿನ್ನಿಗೆ ಸಿಕ್ಕಿ ಸತ್ತರು. ರೈಲು ಹೆಚ್ಚಿದಂತೆ ಸಾವೂ ಹೆಚ್ಚಿತು. ಬೇರೆಯವರ ತಪ್ಪಿನಿಂದ ಸತ್ತವನ ಹೆಂಡತಿ ಮಕ್ಕಳು ಪರಿಹಾರ ಕೇಳಬಹುದು ಎಂಬ ಕಾನೂನು ಅಲ್ಲಿ 1846ರಲ್ಲಿ ಬಂತು. ಮುಂಬಯಿ–ಠಾಣೆ ರೈಲು ಓಡಿದ್ದು 1853ರಲ್ಲಿ. ಎರಡೇ ವರ್ಷಕ್ಕೆ, 1855ರಲ್ಲಿ, ಅದೇ ಮಾದರಿಯ ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್ ಇಲ್ಲಿಗೂ ಬಂತು. ಪುಸ್ತಕದಲ್ಲಿ ಹಕ್ಕು ಇತ್ತು. ಕೂಲಿಯವನ ವಿಧವೆ ಲಾಯರು ಹಿಡಿದು ಕಂಪನಿಯ ಮೇಲೆ ದಾವೆ ಹೂಡುವುದು ಎಲ್ಲಿ ಬಂತು?

ಹುಡುಕುವವರಿಗೆ ಇದಕ್ಕಿಂತ ಮುಖ್ಯವಾದದ್ದು 1890ರ ರೈಲ್ವೆ ಕಾಯ್ದೆ. ಜೀವಹಾನಿಯಾದ ಅಪಘಾತವನ್ನು ರೈಲ್ವೆ ಆಡಳಿತ ಸರ್ಕಾರಕ್ಕೆ ತಿಳಿಸಬೇಕು, ಹತ್ತಿರದ ಸ್ಟೇಷನ್ ಮಾಸ್ತರರು ಮ್ಯಾಜಿಸ್ಟ್ರೇಟರಿಗೂ ಪೊಲೀಸ್ ಠಾಣೆಗೂ ತಿಳಿಸಬೇಕು ಎಂದು ಅದು ಕಟ್ಟು ಮಾಡಿತು. ಇವತ್ತೂ ನಡೆಯುವುದು ಅದೇ. ಲೋಕೋ ಪೈಲಟ್ ಹೇಳುತ್ತಾರೆ, ಸ್ಟೇಷನ್ ಮಾಸ್ತರರು ಮೆಮೊ ಬರೆಯುತ್ತಾರೆ, ರೈಲ್ವೆ ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ. ಜಾಗವನ್ನು ಊರಿನ ಹೆಸರಿನಿಂದಲ್ಲ, ಕಿಲೋಮೀಟರ್ ಕಲ್ಲು, ಕಂಬದ ನಂಬರಿನಿಂದ ಬರೆಯುತ್ತಾರೆ. ಹಳೆಯ ಕಾಗದದಲ್ಲಿ ಅದು ಮೈಲಿ. ಆ ನಂಬರ್ ಸಿಕ್ಕರೆ ಮುತ್ತಜ್ಜ ಬಿದ್ದ ಜಾಗಕ್ಕೆ ಹೋಗಿ ನಿಲ್ಲಬಹುದು. ಗೇಜ್ ಬದಲಾದಾಗ ಹಳಿ ಅಲ್ಲಲ್ಲಿ ಸರಿದಿರಬಹುದು, ಕಲ್ಲು ಹೊಸದಾಗಿರಬಹುದು, ಆದರೂ ದಾರಿ ಅದೇ.

ಇಷ್ಟೆಲ್ಲ ತಿಳಿಸಿದ ಮೇಲೆ ಸರ್ಕಾರ ಅದನ್ನು ಏನು ಮಾಡುತ್ತಿತ್ತು? ವರ್ಷಕ್ಕೊಮ್ಮೆ ಕೂಡಿಸುತ್ತಿತ್ತು. ಬ್ರಿಟನ್ನಿನ ಅಚ್ಚಿನಲ್ಲೇ ಎರಕ ಹೊಯ್ದ ಆ ಕೋಷ್ಟಕಗಳಲ್ಲಿ ಸತ್ತವರು ಮೂರು ಗುಂಪು: ಪ್ರಯಾಣಿಕರು, ರೈಲ್ವೆ ನೌಕರರು, ಇತರರು. ಅದರೊಳಗೆ ಇನ್ನೊಂದು ವಿಂಗಡಣೆ. ತಮ್ಮ ಹತೋಟಿ ಮೀರಿದ ಕಾರಣಕ್ಕೆ ಸತ್ತವರು ಒಂದು ಕಡೆ, ತಮ್ಮದೇ ತಪ್ಪು ನಡತೆ ಅಥವಾ ಅಜಾಗರೂಕತೆಯಿಂದ ಸತ್ತವರು ಇನ್ನೊಂದು ಕಡೆ. ಹೆಸರಿಗೆ ಕಾಲಂ ಇಲ್ಲ, ತಪ್ಪಿಗೆ ಇದೆ. ಅನುಮತಿಯಿಲ್ಲದೆ ಹಳಿಯ ಮೇಲೆ ಬಂದವರೆಲ್ಲ ಅತಿಕ್ರಮಿಗಳು. ಭದ್ರಾವತಿಯಿಂದ ಶಿವಮೊಗ್ಗದ ಕಡೆಗೆ ಕೆಸರಿಲ್ಲದ, ಸುತ್ತಿಲ್ಲದ, ಕತ್ತಲಲ್ಲೂ ತಪ್ಪದ ದಾರಿ ಹಳಿಯೇ ಆಗಿದ್ದ ಕಾಲದಲ್ಲಿ ಅದರ ಮೇಲೆ ನಡೆಯದ ಹಳ್ಳಿಯವನು ಯಾರು? ಮಳೆಗಾಲದಲ್ಲಿ ಗೊರಬು ಹೊದ್ದು ತಲೆ ತಗ್ಗಿಸಿ ಹೋಗುವವನಿಗೆ ಹಿಂದಿನಿಂದ ಬರುವ ರೈಲು ಕಾಣುವುದಿಲ್ಲ, ಮಳೆಯ ಸದ್ದಿನಲ್ಲಿ ಕೇಳುವುದೂ ಇಲ್ಲ. ಅವನನ್ನು ಅಜಾಗರೂಕ ಎಂದು ಬರೆದುಬಿಡುವುದು ಸುಲಭವಿತ್ತು.

ಯಾವ ಕಾಲಂಗೆ ಬಿದ್ದರು ಎಂಬುದರ ಮೇಲೆಯೇ ಅವರ ಬಗ್ಗೆ ಎಷ್ಟು ಉಳಿದಿದೆ ಎನ್ನುವುದು ನಿಂತಿದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ತರುವುದು ಇದೇ.

ಎಂಜಿನ್ ಓಡಿಸುತ್ತಿದ್ದ ಯುರೋಪಿಯನ್ ಅಥವಾ ಆಂಗ್ಲೋ ಇಂಡಿಯನ್ ಡ್ರೈವರ್ ಸತ್ತರೆ ಚರ್ಚಿನ ಸಮಾಧಿ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ವೃತ್ತಿ, ಎಷ್ಟೋ ಸಲ ಸಾವಿನ ಕಾರಣ. ಅಂಥ ರಿಜಿಸ್ಟರುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಮೊಮ್ಮಕ್ಕಳು ಇವತ್ತು ಮನೆಯಲ್ಲಿ ಕೂತೇ ಹುಡುಕುತ್ತಾರೆ. ಬ್ರಿಟನ್ನಿನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯ, ಯಾರ್ಕಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಮುಂತಾದವು ಸೇರಿ 1939ಕ್ಕಿಂತ ಹಿಂದೆ ಸತ್ತ, ಗಾಯಗೊಂಡ ರೈಲ್ವೆ ಕಾರ್ಮಿಕರ ವಿವರಗಳನ್ನು ಸ್ವಯಂಸೇವಕರ ಕೈಯಲ್ಲಿ ಸಾಲುಸಾಲಾಗಿ ನಕಲು ಮಾಡಿಸಿ ಎಲ್ಲರಿಗೂ ತೆರೆದಿಟ್ಟಿವೆ. ಹಳಿ ಬಡಿಯುತ್ತಿದ್ದ ಒಬ್ಬ ಸಾಮಾನ್ಯ ಕೂಲಿಯ ಹೆಸರು ಹಾಕಿದರೂ ಅವನು ಯಾವ ದಿನ, ಯಾವ ಜಾಗದಲ್ಲಿ, ಏನು ಮಾಡುತ್ತಿದ್ದಾಗ ಸತ್ತ ಎಂದು ಬರುತ್ತದೆ.

ನಮ್ಮಲ್ಲಿ ಗ್ಯಾಂಗ್‌ಮನ್ ಸತ್ತರೆ ಸಿಗಬಹುದಾದದ್ದು ಪರಿಹಾರದ ಕಡತ. ಕಾರ್ಮಿಕರ ಪರಿಹಾರ ಕಾಯ್ದೆ ಬ್ರಿಟಿಷ್ ಭಾರತಕ್ಕೆ 1923ರಲ್ಲಿ ಬಂತು, ಆ ದಶಕ ಮುಗಿಯುವುದರೊಳಗೆ ಮೈಸೂರು ಸಂಸ್ಥಾನವೂ ತನ್ನದೇ ಕಾನೂನು ಮಾಡಿಕೊಂಡಿತು. ಕೆಲಸದ ಮೇಲೆ ಸತ್ತವನ ಪರಿಹಾರವನ್ನು ಮಾಲೀಕ ನೇರವಾಗಿ ಮನೆಯವರ ಕೈಗೆ ಕೊಡುವಂತಿಲ್ಲ, ಕಮಿಷನರರ ಬಳಿ ಠೇವಣಿ ಇಡಬೇಕು, ಅವರು ಅವಲಂಬಿತರಿಗೆ ಹಂಚಬೇಕು. ಹಂಚಬೇಕಾದರೆ ಅವಲಂಬಿತರು ಯಾರೆಂದು ಬರೆಯಬೇಕು: ಹೆಂಡತಿ, ಅಪ್ರಾಪ್ತ ಮಕ್ಕಳು, ಮುದಿ ತಾಯಿ. ಒಂದು ಮನೆಯ ವಂಶವೃಕ್ಷವನ್ನು ಹೊರಗಿನವರು, ಆ ಹೊತ್ತಿನಲ್ಲೇ, ಸಾಕ್ಷಿ ಕೇಳಿ ಬರೆದಿಟ್ಟ ದಾಖಲೆ ಇದು. ಇಂಥದ್ದು ಬೇರೆ ಎಲ್ಲೂ ಸಿಗುವುದಿಲ್ಲ. ಅಪ್ಪ ಹೋದ ಮೇಲೆ ಮಗನನ್ನು ಅದೇ ಗ್ಯಾಂಗಿಗೆ ತೆಗೆದುಕೊಂಡರು ಎಂಬ ಮಾತು ಮನೆಯಲ್ಲಿದ್ದರೆ ಮಗನ ಸರ್ವೀಸ್ ರಿಜಿಸ್ಟರಿನಿಂದಲೂ ಜಾಡು ಹಿಡಿಯಬಹುದು.

ಹಾಗಾದರೆ ನೌಕರನೂ ಅಲ್ಲದ, ಟಿಕೆಟ್ಟೂ ಕೊಳ್ಳದ, ಸೌದೆ ಹೊರೆ ಹೊತ್ತು ಹಳಿ ದಾಟುತ್ತಿದ್ದವನ ಪಾಲಿಗೆ? ಅವನಿಗೆ ಉಳಿದದ್ದು ಮಹಜರು ಒಂದೇ.

ಅಸಹಜ ಸಾವು ಕಂಡರೆ ಪಟೇಲರು ಮೇಲಿನವರಿಗೆ ತಿಳಿಸಲೇಬೇಕಿತ್ತು. ಪೊಲೀಸರು ಬಂದು, ಊರಿನ ಪಂಚರನ್ನು ಕೂರಿಸಿ, ಶವದ ಮುಂದೆಯೇ ಬರೆಯಬೇಕಿತ್ತು. ಅಪರಾಧ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಎಂದರೆ ಹಳಬರಿಗೆಲ್ಲ ಗೊತ್ತು. 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ ಅದು 194. ಇಂಥ ಮಹಜರಿನ ಭಾಷೆ ಒಣ ಭಾಷೆ ಎಂದು ಹೇಳುವುದುಂಟು, ನನಗೆ ಹಾಗೆ ಅನ್ನಿಸಿಲ್ಲ. ತಲೆ ಯಾವ ದಿಕ್ಕಿಗೆ, ಕಾಲು ಯಾವ ದಿಕ್ಕಿಗೆ, ಹಳಿಯಿಂದ ಎಷ್ಟು ಅಡಿ ದೂರ. ಮೈಮೇಲಿನ ಬಟ್ಟೆ, ಸೊಂಟದ ಉಡಿದಾರ, ಕಿವಿಯ ಒಂಟಿ, ಕೈಯ ಹಚ್ಚೆ. ಪಕ್ಕದಲ್ಲಿ ಬಿದ್ದ ಬುತ್ತಿ, ಕತ್ತಿ, ಎಲೆ ಅಡಿಕೆಯ ಚೀಲ. ಮುತ್ತಜ್ಜನ ಫೋಟೊ ಒಂದೂ ಇಲ್ಲದ ಮನೆಗೆ ಅವರು ಹೇಗಿದ್ದರು ಎಂದು ತಿಳಿಯುವ ಏಕೈಕ ಬರಹ ಇದೇ ಆಗಿರಬಹುದು. ಇವತ್ತೂ ಪತ್ರಿಕೆಯ ಮೂಲೆಯಲ್ಲಿ ಅಪರಿಚಿತ ಶವ ಪತ್ತೆ ಎಂಬ ಸುದ್ದಿ ಬರುತ್ತದಲ್ಲ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ವಾರಸುದಾರರಿದ್ದಲ್ಲಿ ಸಂಪರ್ಕಿಸಿ ಎಂದು. ಆ ಸಾಲುಗಳ ಅಜ್ಜಿ ಈ ಮಹಜರು. ಹಾಗೆ ನೋಡಿದರೆ ಶಿವಮೊಗ್ಗ ಜಿಲ್ಲೆಗೆ ಇದು ತೀರ ಹೊಸದೂ ಅಲ್ಲ. ಶಿಕಾರಿಪುರ, ಸೊರಬದ ಕಡೆಯ ವೀರಗಲ್ಲುಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರ, ಸತ್ತವನ ಹೆಸರು, ಯಾವ ಕಾಳಗ, ಕಲ್ಲು ನಿಲ್ಲಿಸಿದವರು ಯಾರು ಎಂಬುದನ್ನು ಕೆತ್ತಿಸಿದ್ದಾರೆ. ತುರು ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ಸಿಕ್ಕಿತು. ಹಸು ಹೊಡೆದುಕೊಂಡು ಹಳಿ ದಾಟುವಾಗ ಸತ್ತವನಿಗೆ ಒಂದು ಹಾಳೆ.

ಮಹಜರಿಗಾಗಿ ಹುಡುಕುವ ಮನೆಗಳಿಗೆ ಇನ್ನೊಂದು ಕಾರಣವೂ ಇರುತ್ತದೆ, ಬಾಯಿಬಿಟ್ಟು ಹೇಳದ ಕಾರಣ. ಅವರು ರೈಲಿಗೆ ಸಿಕ್ಕರೋ, ತಾವೇ ತಲೆ ಕೊಟ್ಟರೋ? ಸಾಲ, ಜಗಳ, ಕಾಯಿಲೆ ಏನಾದರೂ ಇತ್ತೇ? ಎರಡು ಮೂರು ತಲೆಮಾರು ಆ ಅನುಮಾನವನ್ನು ಎದೆಯಲ್ಲಿಟ್ಟುಕೊಂಡು ಬಂದಿರುತ್ತವೆ. ಪಂಚರ ಅಭಿಪ್ರಾಯ, ಡ್ರೈವರನ ಹೇಳಿಕೆ, ಚೆಲ್ಲಿದ ಹೊರೆಯ ವಿವರ, ಶವಪರೀಕ್ಷೆ ಮಾಡಿದ ವೈದ್ಯರ ಟಿಪ್ಪಣಿ ಓದಿದರೆ ಅನುಮಾನ ಒಂದು ಕಡೆಗೆ ವಾಲುತ್ತದೆ. ತಲೆ ಕೊಟ್ಟದ್ದೇ ನಿಜ ಎಂದು ತಿಳಿದರೂ ಅದನ್ನು ತಿಳಿಯುವ ಹಕ್ಕು ಮಕ್ಕಳು ಮೊಮ್ಮಕ್ಕಳಿಗಿದೆ ಎಂದೇ ನಾನು ನಂಬಿದ್ದೇನೆ.

ಎಲ್ಲಿ ಕೇಳಬೇಕು? ಮೊದಲು ತಾಲ್ಲೂಕು ಕಚೇರಿಯಲ್ಲಿ. ಜಮೀನಿದ್ದ ಮನೆಯಾದರೆ ಸಾವಿನ ಮೊದಲ ಗುರುತು ಪೌತಿ ಖಾತೆ. ಪಹಣಿಯ 9 ಮತ್ತು 10ನೇ ಕಾಲಂ ಹಿಡಿದು ಹಿಂದೆ ಹಿಂದೆ ಹೋದರೆ ಮುತ್ತಜ್ಜನ ಹೆಸರು ಹೋಗಿ ವಾರಸುದಾರರ ಹೆಸರು ಕೂತ ಮ್ಯುಟೇಷನ್ ಸಿಗುತ್ತದೆ. ಅದು ಸಾವಿನ ದಿನವಲ್ಲ, ಕೆಲವೊಮ್ಮೆ ಹತ್ತು ಹದಿನೈದು ವರ್ಷ ತಡ. ಆದರೂ ಅದಕ್ಕಿಂತ ಈಚೆಗೆ ಹುಡುಕಬೇಕಿಲ್ಲ ಎಂಬುದು ಖಚಿತವಾಗುತ್ತದೆ. ಹಳ್ಳಿಯ ಜನನ ಮರಣದ ಪುಸ್ತಕ ಶಾನುಭೋಗ, ಪಟೇಲರ ಕಾಲದ್ದು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದಾಗ ಕೆಲವು ದಫ್ತರ ತಾಲ್ಲೂಕು ಕಚೇರಿಗೆ ಹೋದವು, ಕೆಲವು ಶಾನುಭೋಗರ ಮನೆಯ ಅಟ್ಟದಲ್ಲೇ ಉಳಿದವು. ಆ ಮನೆಯವರನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು. 1970ರ ಈಚಿನ ಸಾವಿಗೆ 1969ರ ಜನನ ಮರಣ ನೋಂದಣಿ ಕಾಯ್ದೆಯ ರಿಜಿಸ್ಟರ್ ಇದೆ. ಸಂಸ್ಥಾನ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ತಾರೀಖು ಕೈಯಲ್ಲಿದ್ದರೆ ಗ್ರಂಥಾಲಯದಲ್ಲಿ ಆ ವಾರದ ತಾಯಿನಾಡು, 1948ರ ಅಕ್ಟೋಬರ್ ನಂತರವಾದರೆ ಪ್ರಜಾವಾಣಿ ತಿರುವಿ ಹಾಕಬೇಕು. ರೈಲ್ವೆಗೂ ಪೊಲೀಸರಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಕಾಯ್ದೆಯ 8(3)ನೇ ಕಲಂ ನೆನಪಿರಲಿ: ಇಪ್ಪತ್ತು ವರ್ಷಕ್ಕಿಂತ ಹಳೆಯ ಘಟನೆಯ ಮಾಹಿತಿಯನ್ನು, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ನಿರಾಕರಿಸುವಂತಿಲ್ಲ. ಹಾಳೆ ಉಳಿದಿದ್ದರೆ ಕೊಡಬೇಕು.

ಉಳಿದಿದ್ದರೆ ಎನ್ನುವುದೇ ಈಗಿನ ಚಿಂತೆ. ಠಾಣೆಗಳೂ ರೈಲ್ವೆ ಕಚೇರಿಗಳೂ ಅವಧಿ ಮುಗಿದ ಕಾಗದವನ್ನು ನಿಯಮದ ಪ್ರಕಾರವೇ ನಾಶ ಮಾಡುತ್ತವೆ. ಹಳಿಯ ಮೇಲಿನ ಸಾವು ಮಾತ್ರ ನಿಂತಿಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 15 ಸಾವಿರ ಜನ ಹಳಿ ದಾಟುವಾಗ ಸಾಯುತ್ತಿದ್ದಾರೆ ಎಂದು ರೈಲ್ವೆ ಸುರಕ್ಷತೆಯ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಹೇಳಿತ್ತು. ರೈಲಿನಿಂದ ಬಿದ್ದು ಸತ್ತ ಪ್ರಯಾಣಿಕನ ಮನೆಯವರಿಗೆ ಈಗ 8 ಲಕ್ಷ ರೂಪಾಯಿ ಪರಿಹಾರವಿದೆ, ಅದಕ್ಕೊಂದು ನ್ಯಾಯಮಂಡಳಿ ಇದೆ, ಕಡತವಿದೆ. ಹಳಿ ದಾಟುವವನು ಈಗಲೂ ಅತಿಕ್ರಮಿಯೇ.

ಭದ್ರಾವತಿಯ ಕಾರ್ಖಾನೆಯದಂತೂ ಇನ್ನೂ ತುರ್ತಿನ ಮಾತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ (ಸೈಲ್) ಕೈಗೆ ಹೋಯಿತು, 2023ರಲ್ಲಿ ಮುಚ್ಚುವ ತೀರ್ಮಾನದ ಸುದ್ದಿ ಬಂದಾಗ ಊರೇ ಬೀದಿಗಿಳಿಯಿತು. ಯಂತ್ರಗಳ ಬಗ್ಗೆ, ಜಮೀನಿನ ಬಗ್ಗೆ, ಗುತ್ತಿಗೆ ಕಾರ್ಮಿಕರ ಬಗ್ಗೆ ಮಾತಾಡುವವರಿದ್ದಾರೆ, ಮಾತಾಡಲೇಬೇಕು. ಅದರ ಜೊತೆ ಟ್ರಾಮ್‌ವೇ ಕಾಲದ ಹಾಜರಿ ಪುಸ್ತಕ, ಅಪಘಾತದ ರಿಜಿಸ್ಟರ್, ಪರಿಹಾರದ ಕಡತ ಏನು ಉಳಿದಿವೆಯೋ ಅಷ್ಟನ್ನೂ ಪಟ್ಟಿ ಮಾಡಿ ರಾಜ್ಯ ಪತ್ರಾಗಾರಕ್ಕೋ ಕುವೆಂಪು ವಿಶ್ವವಿದ್ಯಾಲಯಕ್ಕೋ ಒಪ್ಪಿಸುವ ಕೆಲಸವನ್ನು ಯಾರಾದರೂ ಈಗಲೇ ಕೈಗೆತ್ತಿಕೊಳ್ಳಬೇಕು. ತಣಿಗೆಬೈಲಿನ ಕಾಡಿನಲ್ಲಿ ದಿಮ್ಮಿ ಉರುಳಿ ಸತ್ತವರ ಹೆಸರು ಬೇರೆ ಯಾವ ಪುಸ್ತಕದಲ್ಲೂ ಇಲ್ಲ.